ಹಿಮ ಮನೆಯನ್ನು ಮುತ್ತಿದಾಗ

1977ನೆಯ ಇಸವಿಯ ಜನವರಿ 28, ಶುಕ್ರವಾರ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಈರಿ ಸರೋವರದ ದಡದ ಮೇಲಿರುವ ಬಫಲೋ ನಗರದ ಜನ ಎಂದಿನಂತೆ ಎದ್ದು ತಮ್ಮ ತಮ್ಮ ಕಚೇರಿಗಳಿಗೆ ಹೋದರು. ನೆಲದ ಮೇಲೆ ಆಗಲೇ ಮೂರಡಿಗೆ ಸಮೀಪವಾಗಿ ಹಿಮ ಬಿದ್ದಿದ್ದಿತು. ಅವರಿಗೆ ಅದೇನೂ ಹೊಸದಲ್ಲ. ಬೆಳಿಗ್ಗೆ ಹನ್ನೊಂದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಸರೋವರದ ಕಡೆಯಿಂದ ಬಿಳಿಯ ಗೋಡೆಯೊಂದು ಸರಿದು ಬಂದಂತಾಯಿತು. ನೋಡನೋಡುತ್ತಿದ್ದಂತೆ ಬೀದಿಯ ಆಚೆಯ ಸಾಲಿನ ಕಟ್ಟಡಗಳು ಮರೆಯಾದುವು. 26 ಡಿಗ್ರಿ ಫ್ಯಾರನ್‌ಹೀಟ್ ಇದ್ದ ಉಷ್ಣಮಾನ ಕೆಲವೇ ಗಂಟೆಗಳಲ್ಲಿ ಸೊನ್ನೆಗೆ ಇಳಿಯಿತು. ಗಾಳಿಯ ವೇಗ ಗಂಟೆಗೆ 69 ಮೈಲಿಯವರೆಗೂ ಏರಿತು. ಮನೆಗೆ ಹಿಂದಿರುಗಲಾರದ ಸಾವಿರಾರು ಮಂದಿ ಆ ರಾತ್ರಿಯನ್ನು ಕಚೇರಿಗಳಲ್ಲಿಯೇ ಕಳೆಯಬೇಕಾಯಿತು. ಹಾಗೆ ಉಳಿದವರು ಭಾಗ್ಯವಂತರೆಂದೇ ಹೇಳಬೇಕು. ಹೇಗಾದರೂ ಮನೆ ಸೇರುತ್ತೇವೆಂದು ಕಾರು ಹತ್ತಿದವರಲ್ಲಿ ಕೆಲವರು, ಗುಡ್ಡೆಗಟ್ಟಿದ ಹಿಮದಡಿ ಹೂತುಹೋದ ಆ ಕಾರುಗಳೊಳಗೇ ಶವವಾಗಿ ಸಿಕ್ಕಿದರು. ಫೆಬ್ರವರಿ 1ರಂದು ಗಾಳಿ ತಗ್ಗುವ ವೇಳೆಗೆ ಒಟ್ಟು 29 ಜನ ಪ್ರಾಣ ಕಳೆದುಕೊಂಡಿದ್ದರು.

ಸೋಜಿಗದ ಸಂಗತಿಯೆಂದರೆ, ಅಷ್ಟೂ ದಿನಗಳಲ್ಲಿ ಆಕಾಶದಿಂದ ಹೊಸದಾಗಿ ಬಿದ್ದ ಹಿಮ ಸುಮಾರು ಒಂದಡಿ ಮಾತ್ರ. ಆದರೂ ಕೆಲವೆಡೆ ಮೂವತ್ತಡಿ ಎತ್ತರದ ಹಿಮರಾಶಿಗಳು ಎದ್ದಿದ್ದುವು. ನಗರದ ಮೃಗಾಲಯದಲ್ಲಿ ಹಿಮವು ಬೇಲಿಯ ನೆತ್ತಿಯವರೆಗೂ ಒಟ್ಟಾದುದರಿಂದ ಮೂರು ಹಿಮಸಾರಂಗಗಳು ಬೇಲಿಯನ್ನು ನಡೆದೇ ದಾಟಿ ಪೇಟೆ ಸುತ್ತಲು ಹೊರಟುವು! ಇಷ್ಟು ಹಿಮ ಬಂದುದಾದರೂ ಎಲ್ಲಿಂದ?

ಉತ್ತರ ಸರೋವರದಲ್ಲಿತ್ತು. ಅಮೆರಿಕದ ಮಹಾಸರೋವರಗಳಲ್ಲಿ ಅತ್ಯಂತ ಆಳ ಕಡಿಮೆಯದು ಈರಿ. ಚಳಿಗಾಲದ ಆರಂಭದಲ್ಲಿ ಅದರ ನೀರು ಇನ್ನೂ ತುಸು ಬೆಚ್ಚಗಿರುತ್ತದೆ. ಅದರ ಮೇಲೆ ಹಾದುಬರುವ ಶೀತಗಾಳಿ ಆವಿಯನ್ನು ಹೀರಿಕೊಂಡು, ಪೂರ್ವದ ದಡ ತಲಪಿದೊಡನೆ ಹಿಮವಾಗಿ ಸುರಿಸಿಬಿಡುತ್ತದೆ. ಬಫಲೋ ಇರುವುದು ಸರಿಯಾಗಿ ಆ ದಡದಲ್ಲಿಯೇ. ಸರೋವರ ಹೆಪ್ಪುಗಟ್ಟಿತೆಂದರೆ ಆವಿ ನಿಂತಿತು, ಇನ್ನು ಭಯವಿಲ್ಲ ಎಂಬುದು ಅಲ್ಲಿಯ ಹಳಬರ ಲೆಕ್ಕ. 1976ರಲ್ಲಿ ಈರಿ ಡಿಸೆಂಬರ್ 14ರ ಹೊತ್ತಿಗೇ ಹೆಪ್ಪುಗಟ್ಟಿದ್ದಿತು. ಆದರೆ ಆ ಮಂಜುಗಡ್ಡೆಯ ಬಯಲಿನ ಮೇಲೆ ವಾರಗಟ್ಟಲೆ ಬಿದ್ದ ಪುಡಿಹಿಮ ಹಿಟ್ಟಿನಂತೆ ಸಡಿಲವಾಗಿ ಹರಡಿಕೊಂಡಿದ್ದುದನ್ನು ಆ ಲೆಕ್ಕ ಗಣಿಸಿರಲಿಲ್ಲ. ಬಿರುಗಾಳಿ ಅದೆಲ್ಲವನ್ನೂ ಬಾಚಿ ತಂದು ನಗರದ ಮೇಲೆ ಸುರಿಯಿತು. ಹಿಮಪಾತವೊಂದರ ಸಲುವಾಗಿ ಅಮೆರಿಕದ ಕೇಂದ್ರ ಸರ್ಕಾರ ಮಹಾವಿಪತ್ತೆಂದು ಘೋಷಿಸಿದ್ದು ಅದೇ ಮೊದಲು.

ಹಿಮಬಿರುಗಾಳಿಯಲ್ಲಿ ಕೊಲ್ಲುವುದು ಹಿಮಕ್ಕಿಂತ ಹೆಚ್ಚಾಗಿ ಗಾಳಿ ಎಂಬ ಮಾತು ಅಂದೇ ಸ್ಪಷ್ಟವಾಗಿದ್ದಿತು. ಗಂಟೆಗೆ 35 ಮೈಲಿಗೆ ಕಡಿಮೆಯಿಲ್ಲದ ಗಾಳಿ, ಕಾಲು ಮೈಲಿಗಿಂತ ಆಚೆಗೆ ಕಣ್ಣು ಹರಿಯದಂತಹ ಮಬ್ಬು, ಇವೆರಡೂ ಮೂರು ಗಂಟೆಗಳ ಕಾಲ ಬಿಡದೆ ಇದ್ದರೆ ಮಾತ್ರ ಅಲ್ಲಿಯ ಹವಾಮಾನ ಶಾಖೆ ಅದನ್ನು ‘ಬ್ಲಿಜರ್ಡ್’ ಎಂದು ಕರೆಯುತ್ತದೆ. ಈ ಲಕ್ಷಣದಲ್ಲಿ ಎಷ್ಟು ಅಂಗುಲ ಹಿಮ ಬೀಳಬೇಕೆಂಬ ಮಾತೇ ಇಲ್ಲ. 2022ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಬಡಾವಣೆಗಳಲ್ಲಿ 80 ಅಂಗುಲದಷ್ಟು ಹಿಮ ಸುರಿಯಿತು, ಆಳೆತ್ತರಕ್ಕಿಂತ ಹೆಚ್ಚು! ಗಾಳಿಯ ಕಾಟ ಅಷ್ಟಾಗಿಲ್ಲದ ಕಾರಣ ಜನ ಮನೆಗಳಲ್ಲಿ ಕುಳಿತು, ಬಾಗಿಲ ಮುಂದಿನ ಹಿಮ ತೋಡಿ, ಬಹುಮಟ್ಟಿಗೆ ಕ್ಷೇಮವಾಗಿ ಪಾರಾದರು. ಅದಾದ ಐದೇ ವಾರಗಳಿಗೆ, ಕ್ರಿಸ್‌ಮಸ್ ಹಬ್ಬದ ಮುನ್ನಾದಿನಗಳಲ್ಲಿ, ಮತ್ತೊಂದು ಬಿರುಗಾಳಿ ಬಂದಿತು. ವಿಮಾನ ನಿಲ್ದಾಣದಲ್ಲಿ ಅಳೆದ ಹಿಮ 51.9 ಅಂಗುಲ, ನವೆಂಬರಿನದಕ್ಕಿಂತ ಕಡಿಮೆಯೇ. ಆದರೆ ಬ್ಲಿಜರ್ಡಿನ ಸ್ಥಿತಿ 37 ಗಂಟೆಗಳ ಕಾಲ ಎಡೆಬಿಡದೆ ನಡೆಯಿತು. ಈರಿ ಮತ್ತು ನಯಾಗರಾ ಜಿಲ್ಲೆಗಳಲ್ಲಿ ಸತ್ತವರು 47 ಮಂದಿ.

ಈ ಬಿರುಗಾಳಿ ಹೇಳದೆ ಕೇಳದೆ ಬಂದುದೇನೂ ಅಲ್ಲ. ಒಂದು ತಲೆಮಾರಿಗೊಮ್ಮೆ ಕಾಣುವಂಥದೆಂದು ಹವಾಮಾನ ಶಾಖೆ ಕೆಲವು ದಿನ ಮೊದಲೇ ಸಾರಿದ್ದಿತು. ಹಾಗಿದ್ದರೂ ಡಿಸೆಂಬರ್ 23ರ ಶುಕ್ರವಾರ ವಾಹನ ಸಂಚಾರ ನಿಷೇಧ ಜಾರಿಗೆ ಬಂದುದು ಬೆಳಿಗ್ಗೆ 9-30ಕ್ಕೆ. ಅಷ್ಟರಲ್ಲಿ ಎಷ್ಟೋ ಜನ ಕೆಲಸಕ್ಕೆ ಹೋಗಿಯಾಗಿತ್ತು. ಈ ವಿಳಂಬ ಮುಂದೆ ತೀವ್ರ ಟೀಕೆಗೆ ಗುರಿಯಾಯಿತು. ಆದುದು ನ್ಯಾಯವೂ ಹೌದು.

ಹಿಮ ಬೀಳುವ ನಾಡಿನ ಗೃಹಿಣಿಗೆ ಬಿರುಗಾಳಿಯ ಸುದ್ದಿ ಮುಟ್ಟಿದೊಡನೆ ಕಣ್ಣು ಮೊದಲು ಉಗ್ರಾಣದ ಕಡೆಗೆ ಹೊರಳುತ್ತದೆ. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು, ಮೊಟ್ಟೆ ಈ ಮೂರೂ ಗಳಿಗೆಯಲ್ಲಿ ಖಾಲಿಯಾಗುತ್ತವೆ. ಬಿರುಗಾಳಿ ಬಂದಾಗ ಅಮೆರಿಕನರೆಲ್ಲ ಬ್ರೆಡ್ಡನ್ನು ಹಾಲು ಮೊಟ್ಟೆಗಳಲ್ಲಿ ಅದ್ದಿ ಕರಿದ ಒಂದೇ ತಿಂಡಿಯನ್ನು ತಿಂದು ಬದುಕುತ್ತಾರೆಯೇ ಎಂದು ಅಲ್ಲಿಯವರೇ ನಗೆಯಾಡುವುದುಂಟು. ಅನುಭವಸ್ಥರ ಪಟ್ಟಿ ಬೇರೆ. ಒಲೆ ಹಚ್ಚದೆ ತಿನ್ನಬಹುದಾದ ಡಬ್ಬಿಯ ಆಹಾರ, ಕಡಲೆಕಾಯಿಯ ಬೆಣ್ಣೆ, ಒಣಹಣ್ಣು. ಆಳೊಂದಕ್ಕೆ ದಿನಕ್ಕೆ ಒಂದು ಗ್ಯಾಲನ್ನಿನಂತೆ ನೀರು. ಮನೆಯಲ್ಲಿ ಮಗುವಿದ್ದರೆ ಅದರ ಹಾಲಿನ ಪುಡಿ. ಹಿರಿಯರಿದ್ದರೆ ಅವರ ಔಷಧಗಳು. ಡಬ್ಬಿ ತೆರೆಯುವ ಉಪಕರಣ ಕೈಯಿಂದ ತಿರುಗಿಸುವಂಥದಾಗಿರಬೇಕು. ಉಗ್ರಾಣದ ತುಂಬ ಡಬ್ಬಿಗಳಿದ್ದು ಅವನ್ನು ತೆರೆಯುವ ಯಂತ್ರ ವಿದ್ಯುತ್ತಿನದಾಗಿದ್ದರೆ ದೀಪ ಆರಿದೊಡನೆ ಗತಿಯೇನು? ಬೆಳಕಿಗೆ ಮೇಣದ ಬತ್ತಿಗಿಂತ ಟಾರ್ಚು ಮೇಲು. ಹೊರಗೆ ಹಿಮ ಎಷ್ಟೇ ಇದ್ದರೂ ಅಗ್ನಿಶಾಮಕ ವಾಹನ ಬರಲಾಗದ ದಿನ ಬೆಂಕಿಯಷ್ಟು ಭಯಂಕರವಾದುದು ಮತ್ತೊಂದಿಲ್ಲ. ವಿದ್ಯುತ್ತು ಹೋದ ಮೇಲೆ ಶೀತಕಪಾಟನ್ನು ಪದೇ ಪದೇ ತೆರೆಯಬಾರದು. ಮುಚ್ಚಿಯೇ ಇದ್ದರೆ ಅದರೊಳಗಿನ ಪದಾರ್ಥ ನಾಲ್ಕು ಗಂಟೆ ಕೆಡದೆ ಇರುತ್ತದೆ. ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ.

ಆಹಾರಕ್ಕಿಂತಲೂ ಮುಖ್ಯವಾದುದು ಶಾಖ. ಆ ಕಡೆಯ ಮನೆಗಳಲ್ಲಿ ನೆಲಮಾಳಿಗೆಯ ಕುಲುಮೆಯೊಂದು ಗಾಳಿಯನ್ನು ಕಾಯಿಸಿ ಕೋಣೆಗಳಿಗೆಲ್ಲ ಹಂಚುತ್ತದೆ. ಉರಿಯುವುದು ಕೊಳವೆಯಲ್ಲಿ ಬರುವ ಅನಿಲವೇ ಆದರೂ ಬಿಸಿಗಾಳಿಯನ್ನು ದೂಡುವ ಫ್ಯಾನು ತಿರುಗುವುದು ವಿದ್ಯುತ್ತಿನಿಂದ. ಆದುದರಿಂದ ಅನಿಲಕ್ಕೆ ಕೊರತೆಯಿಲ್ಲದ ಮನೆಯೂ ದೀಪ ಆರಿದ ಕೆಲವು ಗಂಟೆಗಳಲ್ಲಿ ತಣ್ಣಗಾಗುತ್ತ ಹೋಗುತ್ತದೆ. 2022ರಲ್ಲಿ ಸಾವಿರಾರು ಮನೆಗಳಲ್ಲಿ ಹೀಗೆಯೇ ಆಯಿತು. ಅಂತಹ ಸಮಯದಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ಆಸೆ ಬಿಡಬೇಕು. ಚಿಕ್ಕದೊಂದು ಕೋಣೆಯನ್ನು ಆರಿಸಿ, ಕಿಟಕಿಗಳಿಗೆ ಕಂಬಳಿ ತೂಗುಹಾಕಿ, ಬಾಗಿಲ ಸಂದಿಗೆ ಟವೆಲು ತುರುಕಿ, ಮನೆಮಂದಿಯೆಲ್ಲ ಅಲ್ಲಿಯೇ ಒಟ್ಟಿಗೆ ಮಲಗುವುದು ಲೇಸು. ಮಕ್ಕಳಿಗೆ ಅದೊಂದು ಹಬ್ಬ. ಮರುದಿನವೂ ದೀಪ ಬಾರದಿದ್ದಾಗ ಹಿರಿಯರ ಮುಖದಲ್ಲಿ ಏನು ಕಾಣುತ್ತದೆಂಬುದನ್ನು ಅವು ಗಮನಿಸುವುದಿಲ್ಲ.

ಚಳಿ ತಾಳಲಾರದೆ ಇದ್ದಿಲಿನ ಒಲೆಯನ್ನು ಒಳಗೆ ತಂದು ಹೊತ್ತಿಸುವವರಿದ್ದಾರೆ. ಜನರೇಟರನ್ನು ಮನೆಗೆ ತಗುಲಿದ ಕಾರುಖಾನೆಯಲ್ಲಿಯೇ ಓಡಿಸುವವರಿದ್ದಾರೆ. ಇವೆರಡರಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಮಲಗಿದವರು ಏಳುವುದಿಲ್ಲ. ಜನರೇಟರು ಮನೆಯಿಂದ ಇಪ್ಪತ್ತಡಿಯಾದರೂ ದೂರ ಬಯಲಲ್ಲಿಯೇ ಇರಬೇಕು. ಇನ್ನೊಂದು ಅಪಾಯ ಅನೇಕರಿಗೆ ತಿಳಿದೇ ಇರುವುದಿಲ್ಲ. ಹೊಸ ಮನೆಗಳಲ್ಲಿ ಕುಲುಮೆಯ ಹೊಗೆಕೊಳವೆ ಮಾಡಿನ ಮೇಲಲ್ಲ, ಪಕ್ಕದ ಗೋಡೆಯಲ್ಲಿ ನೆಲಕ್ಕೆ ಹತ್ತಿರವಾಗಿರುತ್ತದೆ. ಹಿಮ ಅದರ ಬಾಯಿಯನ್ನು ಮುಚ್ಚಿದರೆ ಕುಲುಮೆ ನಿಂತುಹೋಗಬಹುದು, ಇಲ್ಲವೆ ವಿಷದ ಅನಿಲ ಮನೆಯೊಳಕ್ಕೇ ತಿರುಗಬಹುದು. ಬಿರುಗಾಳಿಯ ನಡುವೆಯೂ ಒಮ್ಮೊಮ್ಮೆ ಬಾಗಿಲು ತೆರೆದು ಮಾಡಲೇಬೇಕಾದ ಕೆಲಸವೆಂದರೆ ಆ ಕೊಳವೆಯ ಬಾಯಿಯನ್ನು ಬಿಡಿಸುವುದು.

ನೀರಿನ ಕೊಳವೆಗಳ ಕಥೆ ಇನ್ನೊಂದು. ನೀರು ಗಡ್ಡೆಗಟ್ಟಿದಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ತಾಮ್ರದ ಕೊಳವೆಯೂ ಸೀಳುತ್ತದೆ. ಸೀಳಿದ್ದು ಆಗ ತಿಳಿಯುವುದಿಲ್ಲ. ಗಡ್ಡೆ ಕರಗಿದ ದಿನ ನೀರು ಗೋಡೆಯೊಳಗಿಂದ ಚಿಮ್ಮುತ್ತದೆ. ಆದಕಾರಣ ನಲ್ಲಿಯನ್ನು ಪೂರ್ತಿ ನಿಲ್ಲಿಸದೆ ನೂಲಿನೆಳೆಯಷ್ಟು ನೀರು ಹರಿಯಬಿಡುತ್ತಾರೆ. ಹೊರಗೋಡೆಗೆ ಸೇರಿದ ಬಚ್ಚಲ ಕೆಳಗಿನ ಕಪಾಟಿನ ಬಾಗಿಲನ್ನು ತೆರೆದಿಡುತ್ತಾರೆ. ನೀರಿನ ಮುಖ್ಯ ತಿರುಪು ಎಲ್ಲಿದೆಯೆಂಬುದು ಯಜಮಾನನಿಗೆ ಮಾತ್ರ ತಿಳಿದಿದ್ದರೆ ಸಾಲದು.

ಇಷ್ಟೆಲ್ಲ ಸಿದ್ಧವಾಗಿದ್ದರೂ ಮನುಷ್ಯನಿಗೆ ಒಂದು ಚಪಲ ಉಳಿದೇ ಇರುತ್ತದೆ: ಒಂದು ಗಳಿಗೆ ಹೊರಗೆ ಹೋಗಿ ಬರೋಣವೆಂಬುದು. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಬೆಂಗಳೂರು ಮೈಸೂರುಗಳಿಂದ ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ತಂದೆತಾಯಿಯರು ಇದನ್ನು ವಿಶೇಷವಾಗಿ ನೆನಪಿಡುವುದು ಒಳಿತು. ಕಿಟಕಿಯಿಂದ ಕಾಣುವ ಹಿಮ ಹತ್ತಿಯಂತೆ ಮೃದುವಾಗಿ, ನಿರಪಾಯವಾಗಿ ತೋರುತ್ತದೆ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇದ್ದು ಗಂಟೆಗೆ 15 ಮೈಲಿಯ ಗಾಳಿ ಬೀಸಿದರೂ ಸಾಕು, ತೆರೆದ ಕಿವಿ ಮೂಗುಗಳು ಅರ್ಧ ಗಂಟೆಯೊಳಗೆ ಮರಗಟ್ಟಬಹುದು. ದಟ್ಟವಾದ ಬಿಳುಪಿನಲ್ಲಿ ದಿಕ್ಕು ತಪ್ಪಿದವನಿಗೆ ಪಕ್ಕದ ಮನೆಯೂ ಸಿಕ್ಕುವುದಿಲ್ಲ. ಗಾಳಿ ನಿಂತ ಮೇಲೆ ಸಲಿಕೆ ಹಿಡಿದು ಹೊರಡುವುದರಲ್ಲಿಯೂ ಎಚ್ಚರ ಬೇಕು. ಮೂವತ್ತಡಿ ಉದ್ದ, ಹನ್ನೆರಡಡಿ ಅಗಲದ ದಾರಿಯ ಮೇಲೆ ಒಂದಡಿ ಹಗುರವಾದ ಹಿಮ ಬಿದ್ದಿದ್ದರೂ ಅದರ ತೂಕ ಸುಮಾರು ಒಂದು ಟನ್ನು. ಗಾಳಿ ಒತ್ತಿ ಗಟ್ಟಿಮಾಡಿದ ಹಿಮವಾದರೆ ಇನ್ನೂ ಹೆಚ್ಚು. ಶೀತದಿಂದ ಮೊದಲೇ ಸಂಕೋಚಗೊಂಡ ರಕ್ತನಾಳಗಳುಳ್ಳ ಐವತ್ತು ದಾಟಿದ ದೇಹಕ್ಕೆ ಅದು ಹಗುರವಾದ ವ್ಯಾಯಾಮವಲ್ಲ. 2022ರಲ್ಲಿ ಸತ್ತವರಲ್ಲಿ ಹಿಮ ತೋಡುತ್ತಿದ್ದಾಗಲೇ ಹೃದಯ ನಿಂತವರೂ ಇದ್ದರು.

ಬೀದಿಯಲ್ಲಿ, ಕಾರಿನಲ್ಲಿ ಸತ್ತವರನ್ನು ಕುರಿತು ‘ಮನೆಯಲ್ಲಿ ಇರಬಾರದಾಗಿತ್ತೆ?’ ಎನ್ನುವುದು ಸುಲಭ. ಮನೆಯೊಳಗೇ ಚಳಿಯಿಂದ ಸತ್ತವರಿಗೆ ಏನು ಹೇಳುವುದು? ಕರೆದಾಗ ಬರಬೇಕಾದ ತುರ್ತು ವಾಹನಗಳು ತಾವೇ ಹಿಮದಲ್ಲಿ ಸಿಕ್ಕಿಕೊಂಡುವು. ವೈದ್ಯರ ನೆರವು ವೇಳೆಗೆ ತಲಪದೆ ಪ್ರಾಣ ಬಿಟ್ಟವರುಂಟು. ಬಫಲೋ ನಗರದೊಳಗೆ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರಿಯರು. ಅವರು ಹೆಚ್ಚಾಗಿ ವಾಸಿಸುವ ಪೂರ್ವಭಾಗದಲ್ಲಿ ದೊಡ್ಡ ದಿನಸಿ ಅಂಗಡಿಗಳು ವಿರಳ, ಮನೆಗಳು ಹಳೆಯವು. ವಾರದ ಕೂಲಿಯನ್ನು ನಂಬಿದ ಸಂಸಾರಕ್ಕೆ ಹದಿನೈದು ದಿನದ ಸಾಮಾನನ್ನು ಒಮ್ಮೆಗೆ ಕೊಂಡು ಕೂಡಿಡುವುದು ಬುದ್ಧಿಯ ಪ್ರಶ್ನೆಯಲ್ಲ, ಹಣದ ಪ್ರಶ್ನೆ. ಮುನ್ನೆಚ್ಚರಿಕೆಯ ಪಟ್ಟಿಗಳನ್ನು ಅಚ್ಚು ಹಾಕಿ ಹಂಚುವವರು ಇದನ್ನು ಯೋಚಿಸಿದಂತೆ ಕಾಣುವುದಿಲ್ಲ.

ಆ ದಿನಗಳಲ್ಲಿ ಬಾಗಿಲು ತೆರೆದವರೂ ಇದ್ದರು. ತೆರೆಯುವವರಿಲ್ಲದಾಗ ಕಿಟಕಿ ಒಡೆದವನೂ ಒಬ್ಬನಿದ್ದನು. ಬಫಲೋಗೆ ಹೊಂದಿಕೊಂಡ ಚೀಕ್ಟೊವಾಗ ಎಂಬಲ್ಲಿ ಕಾರು ಸಿಕ್ಕಿಕೊಂಡ ತರುಣನೊಬ್ಬನು ಶಾಲೆಯೊಂದರ ಕಿಟಕಿಯ ಗಾಜನ್ನು ಒಡೆದು ಒಳಹೊಕ್ಕು, ಬೀದಿಯಲ್ಲಿ ಸಿಕ್ಕಿಬಿದ್ದ ಸುಮಾರು ಇಪ್ಪತ್ತನಾಲ್ಕು ಮಂದಿಯನ್ನು ಕಾಪಾಡಿದನು. ಹೋಗುವಾಗ ಗಾಜು ಒಡೆದುದಕ್ಕೆ ಕ್ಷಮೆ ಕೇಳಿ ಚೀಟಿ ಬರೆದಿಟ್ಟನು. ಆಮೇಲೆ ಪೋಲೀಸರು ಅವನನ್ನು ಹುಡುಕಿದುದು ಕೃತಜ್ಞತೆ ಹೇಳುವುದಕ್ಕಾಗಿ.

ಅದೇ ಶುಕ್ರವಾರ ಮಧ್ಯಾಹ್ನ ವಿಲಿಯಮ್ಸ್‌ವಿಲ್ ಎಂಬ ಉಪನಗರದ ಮನೆಯೊಂದರ ಬಾಗಿಲನ್ನು ಯಾರೋ ತಟ್ಟಿದರು. ವಾಷಿಂಗ್‌ಟನ್ನಿನಿಂದ ನಯಾಗರಾ ಜಲಪಾತದ ಕಡೆಗೆ ಹೊರಟಿದ್ದ ಕೊರಿಯಾ ದೇಶದ ಪ್ರವಾಸಿಗಳ ವ್ಯಾನು ಆ ಮನೆಯ ಎದುರಿನಲ್ಲಿ ಹಿಮದಲ್ಲಿ ಹೂತಿದ್ದಿತು. ಅವರು ಬಂದುದು ಸಲಿಕೆ ಕೇಳಲು. ಸಲಿಕೆಯಿಂದ ಆಗುವ ಕೆಲಸ ಇದಲ್ಲವೆಂದು ಬಲ್ಲ ಮನೆಯಾತನು ಚಾಲಕನೂ ಸೇರಿ ಹತ್ತು ಜನರನ್ನೂ ಒಳಗೆ ಕರೆದನು. ಬಿರುಗಾಳಿಯ ಮುನ್ಸೂಚನೆ ಕೇಳಿ ಗಂಡಹೆಂಡಿರು ಶೀತಕಪಾಟನ್ನು ತುಂಬಿಸಿಟ್ಟಿದ್ದರು. ಅದಕ್ಕಿಂತ ಹೆಚ್ಚಿನ ಯೋಗಾಯೋಗವೆಂದರೆ ಅವರಿಬ್ಬರೂ ಕೊರಿಯಾದ ಅಡುಗೆಯ ಪ್ರಿಯರು; ಸೋಯಾ ಸಾರ, ಎಳ್ಳೆಣ್ಣೆ, ಮೆಣಸಿನ ಪುಡಿ, ಕಿಮ್ಚಿ ಎಂಬ ಉಪ್ಪಿನಕಾಯಿ, ಅನ್ನ ಮಾಡುವ ಪಾತ್ರೆ ಎಲ್ಲವೂ ಆ ಅಡುಗೆಮನೆಯಲ್ಲಿದ್ದುವು. ಅತಿಥಿಗಳೇ ಸೌಟು ಹಿಡಿದರು. ಸೋಫಾಗಳ ಮೇಲೆ, ಗಾಳಿಹಾಸಿಗೆಗಳ ಮೇಲೆ, ನೆಲದ ಮೇಲೆ ಮಲಗಿ ಎರಡು ರಾತ್ರಿ ಕಳೆದರು. ಭಾನುವಾರ, ಕ್ರಿಸ್‌ಮಸ್ಸಿನ ದಿನ, ದಾರಿ ತಕ್ಕಮಟ್ಟಿಗೆ ಬಿಡಿಸಿದ ಮೇಲೆ ಅವರನ್ನು ಕರೆದೊಯ್ಯಲು ವಾಹನಗಳು ಬಂದುವು.