ಯಾಯೀರನ ಮನೆಯ ಒಳಕೋಣೆಯೂ ಮಕ್ಕಳ ವಾರ್ಡೂ

ಯಾಯೀರನ ಮಗಳ ವೃತ್ತಾಂತವನ್ನು (ಮಾರ್ಕ 5:35-43) ನಾವು ಸಾಮಾನ್ಯವಾಗಿ ಮರಣದ ಮೇಲಣ ಜಯವೆಂದು ಬೋಧಿಸುತ್ತೇವೆ. ಆದರೆ ಕರ್ತನು ಆ ಕೋಣೆಯಲ್ಲಿ ನಡೆದುಕೊಂಡ ಕ್ರಮವೂ ಗಮನಾರ್ಹವಾಗಿದೆ. ಗದ್ದಲವೆಬ್ಬಿಸಿದವರನ್ನು ಆತನು ಹೊರಗೆ ಕಳುಹಿಸಿದನು; ತಂದೆತಾಯಿಗಳನ್ನು ಒಳಗೆ ಕರೆದುಕೊಂಡನು; ಹುಡುಗಿಯ ಕೈಹಿಡಿದು ಅವಳ ಮನೆಮಾತಿನಲ್ಲಿ ಮಾತನಾಡಿದನು; ಬಳಿಕ ಅವಳಿಗೆ ಊಟ ಕೊಡುವಂತೆ ಹೇಳಿದನು. ದೀರ್ಘಕಾಲ ಆಸ್ಪತ್ರೆಯಲ್ಲಿರುವ ಮಕ್ಕಳ ವಿಷಯದಲ್ಲಿ ಇಂದಿನ ವೈದ್ಯರು ‘ಆಘಾತವನ್ನರಿತ ಆರೈಕೆ’ ಎನ್ನುವುದು ಇದಕ್ಕೆ ಬಹು ಸಮೀಪವಾದದ್ದು.

ಪಶ್ಚಿಮದ ಆಸ್ಪತ್ರೆಗಳು ಇದನ್ನು ತಡವಾಗಿ ಕಲಿತವು. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಮಗುವೊಂದರ ಚಲನಚಿತ್ರವನ್ನು ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಹೊರತಂದರು. ಅಳುವುದನ್ನು ನಿಲ್ಲಿಸಿದ ಮಗು ಹೊಂದಿಕೊಂಡ ಮಗುವಲ್ಲ ಎಂಬುದೇ ಅವರ ವಾದವಾಗಿತ್ತು. ಹೆತ್ತವರ ಭೇಟಿಗೆ ಸಮಯದ ನಿರ್ಬಂಧ ಸಲ್ಲದೆಂದು 1959ರ ಪ್ಲಾಟ್ ವರದಿ ಶಿಫಾರಸು ಮಾಡಿತು.

ನಮ್ಮಲ್ಲಿಯಾದರೋ ತಾಯಿ ಮೊದಲಿನಿಂದಲೂ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡೇ ಇದ್ದಾಳೆ. ನಮ್ಮ ಕಷ್ಟ ಬೇರೆ. ಮಕ್ಕಳ ರಕ್ತದ ಕ್ಯಾನ್ಸರಿನ ಸಾಮಾನ್ಯ ಬಗೆಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುವ ಮನೆಯೊಂದರ ಮಗುವಿಗೆ ಈ ರೋಗ ಬಂದಿತೆನ್ನೋಣ. ತಾಯಿ ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಇದ್ದಷ್ಟು ದಿನ ಮಗ್ಗ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಉಳಿದ ಮಕ್ಕಳು ಅಜ್ಜಿಯ ಪಾಲಾಗುತ್ತಾರೆ. ಚಿಕಿತ್ಸೆ ಮುಗಿದ ಮೇಲೂ ಮಗುವಿಗಿಂತ ಹೆತ್ತವರಲ್ಲಿಯೇ ಆಘಾತದ ಲಕ್ಷಣಗಳು ಹೆಚ್ಚಾಗಿ ಉಳಿಯುವುದುಂಟು.

ಮಗುವಿಗೆ ಸೂಜಿಯ ನೋವಿಗಿಂತ ಅಸಹಾಯಕತೆ ದೊಡ್ಡದು. ಚುಚ್ಚುವುದಿಲ್ಲವೆಂದು ಸುಳ್ಳು ಹೇಳಿ ಚುಚ್ಚಿದರೆ ನಂಬಿಕೆಯೇ ಒಡೆಯುತ್ತದೆ; ಯಾವ ಕೈಗೆ ಚುಚ್ಚಬೇಕೆಂದು ಕೇಳಿದರೆ ಅಷ್ಟಾದರೂ ಅದರ ಅಧೀನದಲ್ಲಿ ಉಳಿಯುತ್ತದೆ. ಈ ನಿಯಮ ಸಭಾಪಾಲಕನಿಗೂ ಅನ್ವಯಿಸುತ್ತದೆ. ತಲೆಯ ಮೇಲೆ ಕೈಯಿಡುವ ಮುನ್ನ ಮಗುವಿನ ಅಪ್ಪಣೆ ಕೇಳಬೇಕು. ಬೇಡವೆಂದರೆ ಕೈಯನ್ನು ಹಿಂತೆಗೆದುಕೊಳ್ಳಬೇಕು. ಹತ್ತು ಜನರೊಡನೆ ಹೋಗಿ ಮಂಚದ ಸುತ್ತ ಗಟ್ಟಿಯಾಗಿ ಪ್ರಾರ್ಥಿಸುವವರು (ಇದು ನಮ್ಮಲ್ಲಿ ಕೆಲವರಿಗೆ ರುಚಿಸಲಾರದು) ಯಾಯೀರನ ಮನೆಯಲ್ಲಿ ಯಾರ ಸ್ಥಾನದಲ್ಲಿರುತ್ತಿದ್ದರೆಂದು ಯೋಚಿಸಲಿ. ರೋಗವು ತನ್ನ ತಪ್ಪಿಗೆ ಬಂದ ಶಿಕ್ಷೆಯೆಂದು ಚಿಕ್ಕ ಮಕ್ಕಳು ತಾವಾಗಿಯೇ ಎಣಿಸುತ್ತಾರೆ. ದೇವರ ಪರೀಕ್ಷೆಯೆಂಬ ನಮ್ಮ ಮಾತು ಆ ಭಯವನ್ನು ದೃಢಪಡಿಸುತ್ತದೆ. ಯೋಹಾನ 9ರಲ್ಲಿ ಕರ್ತನು ಅಂಥ ಲೆಕ್ಕಾಚಾರವನ್ನೇ ನಿರಾಕರಿಸಿದನು.

ಭೇಟಿಯ ಅರ್ಧ ಭಾಗ ಗರಗದ ಮನೆಗೇ ಸಲ್ಲಬೇಕು. ಅಲ್ಲಿ ಉಳಿದ ಮಕ್ಕಳನ್ನು ಯಾರೂ ವಿಚಾರಿಸಿರುವುದಿಲ್ಲ. ವಾರ್ಡಿನ ಸಿಸ್ಟರನ್ನು ಕೇಳದೆ ರೋಗಿಗೆ ಹೊರಗಿನ ತಿನಿಸು ಕೊಡಬಾರದು, ಚಿಕಿತ್ಸೆಯಿಂದ ಅದರ ರೋಗನಿರೋಧಕ ಶಕ್ತಿ ಕುಂದಿರುತ್ತದೆ. ತಾಯಿಗೆ ಬುತ್ತಿ ಒಯ್ಯಬಹುದು.