ಕಾಡಿನ ಲೆಕ್ಕ, ಕಡಲಿನ ಲೆಕ್ಕ

ಭೂಮಂಡಲದ ನೆಲವನ್ನೆಲ್ಲ ಒಂದು ರೂಪಾಯಿ ಎಂದು ಎಣಿಸಿದರೆ, ಅದರಲ್ಲಿ ಹದಿನೇಳೂವರೆ ಪೈಸೆಯಷ್ಟನ್ನು ಕಾಡಿಗೂ ಮೃಗಪಕ್ಷಿಗಳಿಗೂ ಎಂದು ಕಾಯ್ದಿಡಲಾಗಿದೆ. ಕಡಲಿನ ರೂಪಾಯಿಯಲ್ಲಿ ಈ ಪಾಲು ಎಂಟು ಪೈಸೆ, ಮೇಲೆ ಸ್ವಲ್ಪ. 2024ರ ಜಾಗತಿಕ ವರದಿಯ ಅಂಕಿಗಳನ್ನೇ ಹೇಳುವುದಾದರೆ ನೆಲದಲ್ಲಿ ಶೇಕಡ 17.6, ಕಡಲಿನಲ್ಲಿ 8.4. ಇವೆರಡನ್ನೂ 2030ರೊಳಗೆ ಶೇಕಡ 30ಕ್ಕೆ ಏರಿಸುವೆವೆಂದು 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ಕೂಡಿದ ರಾಷ್ಟ್ರಗಳು ಮಾತು ಕೊಟ್ಟಿವೆ. ನಮ್ಮ ದೇಶದ ರಾಷ್ಟ್ರೀಯ ಉದ್ಯಾನಗಳನ್ನೂ ಅಭಯಾರಣ್ಯಗಳನ್ನೂ ಕೂಡಿಸಿದರೆ ನೆಲದ ರೂಪಾಯಿಯಲ್ಲಿ ಐದು ಪೈಸೆಗೆ ಸ್ವಲ್ಪ ಹೆಚ್ಚು.

ಅಂಕಿಗಳನ್ನು ಕಂಡು ವಾಚಕರು ಪುಟ ಮಗುಚಬಾರದು. ಜೋಗೇಶ್ವರಿಯಲ್ಲಿ ಮನೆ ಮಾಡಿಕೊಂಡಿರುವ ನಮಗೆ ಇದು ದೂರದ ದೇಶದ ಲೆಕ್ಕವಲ್ಲ. ಇಲ್ಲಿಂದ ವಿಕ್ರೋಲಿಗೆ ಹೋಗುವ ಲಿಂಕ್ ರಸ್ತೆಯಲ್ಲಿ ಬಸ್ಸು ಹತ್ತಿದರೆ ಎಡಗಡೆಗೆ ಆರೆಯ ಹಸುರು ಕಾಣುವುದು. ಅದರಾಚೆಗೆ ಬೋರಿವಲಿಯವರೆಗೆ ಹಬ್ಬಿರುವುದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ: ಸುಮಾರು 104 ಚದರ ಕಿಲೊಮೀಟರ್, ನಮ್ಮ ಹಿರಿಯರ ಲೆಕ್ಕದಲ್ಲಿ 40 ಚದರ ಮೈಲಿ. ಇಷ್ಟು ದೊಡ್ಡ ನಗರದ ಒಡಲಲ್ಲಿ ಚಿರತೆಗಳಿರುವ ಕಾಡು ಉಳಿದಿದೆ ಎಂದರೆ ಊರಿನಿಂದ ಬಂದ ನೆಂಟರು ನಂಬುವುದಿಲ್ಲ. ಉಳಿದುದಕ್ಕೆ ಒಂದು ಕಾರಣ ನೀರು. ಮುಂಬಯಿಯ ನಲ್ಲಿಗಳಿಗಾಗಿ 1860ರಲ್ಲಿ ವಿಹಾರ ಕೆರೆಯನ್ನೂ 1879ರಲ್ಲಿ ತುಲಸಿ ಕೆರೆಯನ್ನೂ ಕಟ್ಟಿದರು. ಕೆರೆಗೆ ಮಳೆನೀರು ಇಳಿದುಬರುವ ಗುಡ್ಡಗಳನ್ನು ಕಡಿದರೆ ಕೆರೆ ಹೂಳುವುದೆಂಬುದು ಆ ಕಾಲದ ಇಂಜಿನಿಯರರಿಗೂ ಗೊತ್ತಿತ್ತು. ಚಿರತೆಯ ಮೇಲಿನ ಪ್ರೀತಿಯಿಂದ ಯಾರೂ ಆಗ ಬೇಲಿ ಹಾಕಲಿಲ್ಲ!

ಆದರೆ ಆರೆಯ ಮಾತೇ ಬೇರೆ. 1949ರಲ್ಲಿ ಹಾಲಿನ ಕಾಲನಿಗೆಂದು ಕೊಟ್ಟ ಜಾಗವದು. ಉದ್ಯಾನದ ಚಿರತೆ ರಾತ್ರಿ ಆರೆಗೆ ಬರುತ್ತದೆ, ಅಲ್ಲಿಯೇ ಮರಿ ಹಾಕುವುದೂ ಉಂಟು. ಕಾಗದದ ಮೇಲಿನ ಗೆರೆ ಅದಕ್ಕೆ ಕಾಣದು. ಗೆರೆ ಕಾಣುವುದು ಕೊಡಲಿಗೆ. 2019ರ ಅಕ್ಟೋಬರಿನಲ್ಲಿ ಮೆಟ್ರೊ ಗಾಡಿಗಳ ನಿಲುಗಡೆಗಾಗಿ ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದುವು. ಸುಪ್ರೀಂ ಕೋರ್ಟು ಕಡಿಯುವುದನ್ನು ತಡೆಯುವಷ್ಟರಲ್ಲಿ ಆ ಕೆಲಸ ಬಹುಮಟ್ಟಿಗೆ ಮುಗಿದಿತ್ತು. 2021ರಲ್ಲಿ ಆರೆಯ ಸುಮಾರು 287 ಹೆಕ್ಟೇರನ್ನು ಮೀಸಲು ಅರಣ್ಯಕ್ಕೆ ಸೇರಿಸಲು ಸರಕಾರ ಪ್ರಕಟಣೆ ಹೊರಡಿಸಿತು. 2024ರಲ್ಲಿ ಮೆಟ್ರೊ ಓಡತೊಡಗಿತು. ಅದರಲ್ಲಿ ನಾವೂ ಕುಳಿತು ಹೋಗುತ್ತೇವೆ. ಗಾಡಿ ಬೇಡವೆಂದು ಹೇಳುವ ಧೈರ್ಯ ನಮಗಿಲ್ಲ. ಜಾಗವನ್ನು ಬೇರೆ ಕಡೆ ಹುಡುಕಬಹುದಾಗಿತ್ತು ಎಂಬಷ್ಟನ್ನು ಹೇಳಿಯೇವು.

ಹಾಗಾದರೆ ಗೆರೆಯ ಒಳಗಿದ್ದುದೆಲ್ಲ ಕ್ಷೇಮವೇ? ಕಾರ್ಕಳ, ಮೂಡಿಗೆರೆ ಕಡೆಯ ನಮ್ಮವರಿಗೆ ಕುದುರೆಮುಖದ ಕಥೆ ಗೊತ್ತು. 1987ರಲ್ಲಿ ಆ ಮಲೆಯ ಸುಮಾರು 600 ಚದರ ಕಿಲೊಮೀಟರನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಅದರ ನಡುವೆಯೇ ಕಬ್ಬಿಣದ ಅದಿರಿನ ಗಣಿಯೂ ನಡೆಯುತ್ತಿತ್ತು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಯನ್ನು ಸೇರುತ್ತಿತ್ತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ ಗಣಿ ನಿಂತುದು 2005ರ ಕೊನೆಗೆ. ಹದಿನೆಂಟು ವರ್ಷ ಉದ್ಯಾನವೂ ಗಣಿಯೂ ಒಂದೇ ಮಲೆಯಲ್ಲಿ ಬಾಳಿದುವು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಉದ್ಯಾನದ ಚದರಳತೆ ಪೂರಾ ಇತ್ತು. ಅತ್ತ ನಮ್ಮ ಊರುಗಳ ನಾಗಬನಗಳನ್ನೂ ಕೊಡಗಿನ ದೇವರ ಕಾಡುಗಳನ್ನೂ ನೋಡಿರಿ. ಎಷ್ಟೋ ತಲೆಮಾರು ಅವುಗಳನ್ನು ಕಾದುದು ನಂಬಿಕೆಯೇ ಹೊರತು ಅಂಕಿಯಲ್ಲ. ಆರೆಯ ವಾರ್ಲಿ ಜನರು ವಾಘೋಬನಿಗೆ ನಡೆದುಕೊಳ್ಳುತ್ತಾರೆ. ಪಿಲಿಚಾಮುಂಡಿಗೆ ಕೈಮುಗಿದು ಬೆಳೆದ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡು ಉಳಿಸುತ್ತೇವೆಂದು ಇಂತಹವರನ್ನೇ ಹೊರಗೆ ಕಳುಹಿಸಿದರೆ ನೂರಕ್ಕೆ ಮೂವತ್ತು ತುಂಬಬಹುದು, ಕಾಯುವವರು ಯಾರು?

ಕಡಲಿನ ಕಡೆ ನೋಡಿದರೆ ಅಂಕಿಗಳು ಇನ್ನೂ ಮೋಸಗಾರ. 2016ರಲ್ಲಿ ಅಂಟಾರ್ಕ್ಟಿಕದ ರಾಸ್ ಸಮುದ್ರದಲ್ಲಿ ಸುಮಾರು 15 ಲಕ್ಷ ಚದರ ಕಿಲೊಮೀಟರನ್ನು, ಎಂದರೆ ಹತ್ತಿರಹತ್ತಿರ ಅರ್ಧ ಭಾರತದಷ್ಟನ್ನು, ಕಾಯ್ದಿಡಲು ಒಪ್ಪಿದರು. ಒಳ್ಳೆಯ ಕೆಲಸವೇ. ಆದರೆ ಜನವಸತಿಯಿಲ್ಲದ ಕಡಲನ್ನು ಕಾಯುವುದಕ್ಕೂ ಮೀನುಗಾರರ ಅಂಗಳದ ಕಡಲನ್ನು ಕಾಯುವುದಕ್ಕೂ ಅಂತರವಿದೆ. ಯುರೋಪಿನ ಎಷ್ಟೋ ರಕ್ಷಿತ ಕಡಲುಗಳಲ್ಲಿ ತಳವನ್ನೇ ಗೋರುವ ಬಲೆಗಳು ಇಂದಿಗೂ ಓಡಾಡುತ್ತವೆ.

ಇದಕ್ಕೆ ಹೋಲಿಸಿದರೆ ನಮ್ಮ ಠಾಣೆ ಖಾರಿ ಬರೀ ಅಂಗೈಯಗಲ. ಅದೇ ಲಿಂಕ್ ರಸ್ತೆ ಮುಗಿಯುವಲ್ಲಿಂದ ಮುಂದೆ, ಕೆಸರು ಮತ್ತು ಕಾಂಡ್ಲಾ ಗಿಡಗಳ ನಡುವೆ, 2015ರಲ್ಲಿ ಸುಮಾರು 17 ಚದರ ಕಿಲೊಮೀಟರನ್ನು ರಾಜಹಂಸಗಳ ಅಭಯಾರಣ್ಯವೆಂದು ಸಾರಿದರು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಎರಡೂ ದಡಗಳಲ್ಲಿ ಊರು, ಮೇಲೆ ಸೇತುವೆಗಳು, ಕೆಳಗೆ ನಮ್ಮೆಲ್ಲರ ಮನೆಯ ಕೊಳಚೆ. ಆದರೂ ಪ್ರತಿ ಚಳಿಗಾಲ ಗುಲಾಬಿ ಬಣ್ಣದ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕೇಂದ್ರವಿದ್ದು ಅಲ್ಲಿಂದ ದೋಣಿಗಳು ಹೊರಡುತ್ತವೆ. ಮಕ್ಕಳನ್ನು ಕರೆದೊಯ್ಯುವವರು ಉಬ್ಬರ ಇಳಿತದ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನೀರು ಇಳಿದಾಗ ದೋಣಿ ನಡೆಯುವುದು ಕಷ್ಟ.