ವಾಲ್ವು, ಸುರುಳಿ, ಒಂದು ಮೊಳೆ: ಪುಟ್ಟ ಇಂಡಕ್ಷನ್ ಹೀಟರ್ ಕಟ್ಟೋದು ಹೇಗೆ?

ಹಳೇ ವಾಲ್ವ್ ರೇಡಿಯೊ ಬಿಚ್ಚಿ ನೋಡಿದವರಿಗೆ ಇದು ನೆನಪಿರುತ್ತೆ: ಗಾಜಿನ ವಾಲ್ವಿನ ನೆತ್ತಿಯಲ್ಲೋ ಪಕ್ಕದಲ್ಲೋ ಕನ್ನಡಿಯಂಥ ಬೆಳ್ಳಿ ಬಣ್ಣದ ಕಲೆ. ಅದು ಬೇರಿಯಂ. ಗಾಳಿ ಹೊರತೆಗೆದು ಗಾಜು ಮುಚ್ಚಿದ ಮೇಲೂ ಒಳಗೆ ಅಷ್ಟಿಷ್ಟು ಅನಿಲ ಉಳಿದಿರುತ್ತೆ. ಅದನ್ನು ಹೀರಿಕೊಳ್ಳಲಿ ಅಂತ ಗೆಟರ್ ಎಂಬ ಪುಟ್ಟ ಬಳೆಯಲ್ಲಿ ಬೇರಿಯಂ ತುಂಬಿ ಮೊದಲೇ ಒಳಗಿಟ್ಟಿರುತ್ತಾರೆ. ಆದರೆ ಮುಚ್ಚಿದ ಗಾಜಿನೊಳಗಿನ ಬಳೆಯನ್ನು ಕಾಯಿಸೋದು ಹೇಗೆ? ಹೊರಗಡೆಯಿಂದ ತಾಮ್ರದ ಸುರುಳಿ ಹಿಡಿದು ಅದರಲ್ಲಿ ಹೈ ಫ್ರೀಕ್ವೆನ್ಸಿ ಕರೆಂಟ್ ಹರಿಸಿ. ಗಾಜಿಗೆ ಏನೂ ಆಗಲ್ಲ, ಬಳೆ ಮಾತ್ರ ಕೆಂಪಗಾಗಿ ಬೇರಿಯಂ ಆವಿಯಾಗಿ ಗಾಜಿಗೆ ಅಂಟಿಕೊಳ್ಳುತ್ತೆ. ನಮ್ಮ ತುಮಕೂರು ರಸ್ತೆಯಲ್ಲೇ ಹೋದರೆ ಸಿಗುವ ಜಾಲಹಳ್ಳಿಯಲ್ಲಿ, 1954ರಲ್ಲಿ ಶುರುವಾದ ಬಿಇಎಲ್ ಕಾರ್ಖಾನೆ 1960ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು. ಗುಬ್ಬಿ, ಕುಣಿಗಲ್ ಕಡೆಯ ಮನೆಗಳ ಅಟ್ಟದ ಮೇಲೆ ಇನ್ನೂ ಕೂತಿರುವ ರೇಡಿಯೊಗಳಲ್ಲಿ ಆ ಕಲೆ ಹುಡುಕಿ ನೋಡಿ. ಇಂಡಕ್ಷನ್ ಹೀಟಿಂಗಿನ ಗುರುತು ಅದು.

ಈಗ ಅದೇ ವಾಲ್ವಿನಿಂದ ಒಂದು ಮೊಳೆ ಕೆಂಪಗೆ ಕಾಯಿಸೋಣ. ಕೇಳಿದ ತಕ್ಷಣ ಬರುವ ಪ್ರಶ್ನೆ ಗೊತ್ತಿದೆ: ಎಸ್.ಪಿ. ರಸ್ತೆಯಲ್ಲಿ ಮಾಸ್ಫೆಟ್ ಹಾಕಿದ ರೆಡಿ ಬೋರ್ಡ್ ಸಿಗುತ್ತಲ್ಲ, ವಾಲ್ವ್ ಯಾಕೆ? ಕೆಲಸ ಮಾತ್ರ ಆಗಬೇಕಿದ್ದರೆ ಬೋರ್ಡೇ ಸರಿ. ಆದರೆ ತೆಳ್ಳಗಿನ ವಸ್ತು ಕಾಯಿಸಲು ಬೇಕಾದ ಫ್ರೀಕ್ವೆನ್ಸಿ ವಾಲ್ವಿಗೆ ಸಲೀಸು. ಮತ್ತೆ, ಸರ್ಕ್ಯೂಟ್ ಒಳಗೆ ಏನು ನಡೀತಿದೆ ಅಂತ ವಾಲ್ವ್ ಕಣ್ಣಿಗೇ ತೋರಿಸುತ್ತೆ. ಮಾಸ್ಫೆಟ್ ಸತ್ತರೆ ‘ಟಪ್’ ಅನ್ನುತ್ತೆ ಅಷ್ಟೇ.

ಫ್ರೀಕ್ವೆನ್ಸಿ ಯಾಕೆ ಮುಖ್ಯ ಅಂತ ಮೊದಲು ನೋಡೋಣ. ಬದಲಾಗುವ ಕಾಂತಕ್ಷೇತ್ರದಲ್ಲಿಟ್ಟ ಲೋಹದಲ್ಲಿ ಸುಳಿ ಕರೆಂಟ್ ಹುಟ್ಟುತ್ತೆ, ಅದು ಮೇಲ್ಮೈಗೆ ಹತ್ತಿರದ ತೆಳು ಪದರದಲ್ಲೇ ಹರಿಯುತ್ತೆ. 500 ಕಿಲೋಹರ್ಟ್ಸ್‌ನಲ್ಲಿ ತಣ್ಣಗಿರುವ ಉಕ್ಕಿನಲ್ಲಿ ಈ ಪದರ ಸುಮಾರು 0.03 ಮಿ.ಮೀ. ಸುಮಾರು 770 ಡಿಗ್ರಿ ದಾಟಿದ ಮೇಲೆ ಕಬ್ಬಿಣ ಅಯಸ್ಕಾಂತೀಯ ಗುಣ ಕಳೆದುಕೊಳ್ಳುತ್ತೆ. ಪದರ ಒಮ್ಮೆಲೇ 0.75 ಮಿ.ಮೀ.ಗೆ ಜಿಗಿಯುತ್ತೆ. 5 ಮಿ.ಮೀ. ಮೊಳೆಗೆ ಆಗಲೂ ತೊಂದರೆ ಇಲ್ಲ. ಅಡುಗೆಮನೆಯ ಇಂಡಕ್ಷನ್ ಒಲೆಯಂತೆ 25 ಕಿಲೋಹರ್ಟ್ಸ್‌ನಲ್ಲಿ ಇದೇ ಲೆಕ್ಕ ಹಾಕಿದರೆ 3.3 ಮಿ.ಮೀ. ಬರುತ್ತೆ. ಮೊಳೆಯ ತ್ರಿಜ್ಯಕ್ಕಿಂತ ಜಾಸ್ತಿ! ಎದುರುಬದುರು ಹರಿಯುವ ಕರೆಂಟುಗಳು ಒಂದನ್ನೊಂದು ಕೊಂದುಕೊಂಡು ಮೊಳೆ ಇದ್ದೂ ಇಲ್ಲದಂತಾಗುತ್ತೆ. ದಪ್ಪ ತಳದ ಪಾತ್ರೆಗೆ ಕಡಿಮೆ ಫ್ರೀಕ್ವೆನ್ಸಿ, ಸೂಜಿ ಮೊಳೆಗಳಿಗೆ ಹೆಚ್ಚು. ಕುಲುಮೆಯಲ್ಲಿ ಕುಡುಗೋಲಿಗೆ ಹದ ಹಾಕುವವರು ಬಣ್ಣ ನೋಡಿ ನೀರಿಗೆ ಅದ್ದುವುದೂ ಈ 770ರ ಆಸುಪಾಸಿನಲ್ಲೇ.

ಈಗ ನಿಜವಾದ ಗಂಟು. ಮೊಳೆಗೆ ಬೇಕಾದ್ದು ಹೆಚ್ಚು ಆಂಪಿಯರ್. ವಾಲ್ವ್ ಕೊಡೋದು ಹೆಚ್ಚು ವೋಲ್ಟ್, ಚೂರೇ ಚೂರು ಆಂಪಿಯರ್. ಅಮೆಚೂರ್ ರೇಡಿಯೊದವರ ಹಳೇ ಗೆಳೆಯ 807 ವಾಲ್ವ್ ತಗೊಳ್ಳಿ: ಪ್ಲೇಟಿಗೆ 600 ವೋಲ್ಟ್, 100 ಮಿಲಿಆಂಪ್. ಒಳಗೆ ಹೋಗೋದು 60 ವಾಟ್, ಹೊರಗೆ ಸಿಗೋದು ಸುಮಾರು 40. ಎರಡು ವಾಲ್ವ್ ಜೊತೆಗೆ ಹಾಕಿದರೆ 80 ವಾಟ್. ಈ 200 ಮಿಲಿಆಂಪನ್ನು ನೇರವಾಗಿ ಸುರುಳಿಗೆ ಕೊಟ್ಟರೆ ಮೊಳೆ ಬೆಚ್ಚಗೂ ಆಗಲ್ಲ. ಮಧ್ಯಸ್ತಿಕೆ ಮಾಡೋದು ಟ್ಯಾಂಕ್ ಸರ್ಕ್ಯೂಟ್, ಅಂದರೆ ಸುರುಳಿ ಮತ್ತು ಕೆಪಾಸಿಟರ್ ಜೋಡಿ. ಉಯ್ಯಾಲೆಗೆ ಹೊತ್ತುಹೊತ್ತಿಗೆ ಸಣ್ಣಗೆ ತಳ್ಳಿದರೆ ಸಾಕಲ್ಲ, ಹಾಗೆ ವಾಲ್ವ್ ಪ್ರತಿ ಸೈಕಲ್‌ಗೆ ಒಂದು ತಳ್ಳು ಕೊಡುತ್ತೆ, ಟ್ಯಾಂಕಿನೊಳಗೆ ಅದರ ಹತ್ತಾರು ಪಟ್ಟು ಕರೆಂಟ್ ಓಡಾಡುತ್ತಿರುತ್ತೆ.

ಲೆಕ್ಕ ಹೀಗಿದೆ. ಕೆಮಿಸ್ಟ್ರಿ ಲ್ಯಾಬಿನ 25 ಮಿ.ಮೀ. ಬೋರೋಸಿಲಿಕೇಟ್ ಟ್ಯೂಬಿನ ಮೇಲೆ 18 ಗೇಜಿನ ಎನಾಮಲ್ ತಂತಿ, 75 ಮಿ.ಮೀ. ಉದ್ದಕ್ಕೆ 50 ಸುತ್ತು. ಇಂಡಕ್ಟೆನ್ಸ್ ಸುಮಾರು 18 ಮೈಕ್ರೋಹೆನ್ರಿ. ಅದಕ್ಕೆ 5.6 ನ್ಯಾನೋಫ್ಯಾರಡ್ ಸೇರಿಸಿದರೆ 500 ಕಿಲೋಹರ್ಟ್ಸ್ ಬರುತ್ತೆ. ಆ ಫ್ರೀಕ್ವೆನ್ಸಿಯಲ್ಲಿ ಸುರುಳಿಯ ರಿಯಾಕ್ಟೆನ್ಸ್ ಸುಮಾರು 56 ಓಮ್. 500 ವೋಲ್ಟ್ ಪೀಕ್ ಬಂದರೆ ಸುತ್ತುವ ಕರೆಂಟ್ 6 ಆಂಪಿಯರ್ ಮೇಲೆ. 80 ವಾಟ್‌ನಲ್ಲಿ ಮೂವತ್ತರಷ್ಟು ತಂತಿಯೇ ತಿನ್ನುತ್ತೆ, ಹಾಗಾಗಿ ಸಣ್ಣ ಫ್ಯಾನ್ ಬೇಕು. ಉಳಿದ ಐವತ್ತು ವಾಟ್ 4 ಸೆಂ.ಮೀ. ಮೊಳೆ ತುಂಡನ್ನು ಒಂದೆರಡು ನಿಮಿಷದಲ್ಲಿ ಕೆಂಪಗೆ ಮಾಡಲು ಸಾಕು. ಮೊಳೆ ಗಾಜಿಗೆ ತಾಗಬಾರದು, ಪಿಂಗಾಣಿ ಚೂರಿನ ಮೇಲೆ ನಿಲ್ಲಿಸಿ.

ಕೆಪಾಸಿಟರ್ ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಒಂದೇ ಕೆಪಾಸಿಟರ್ 6 ಆಂಪಿಯರ್ ತಡೆಯಲ್ಲ. 470 ಪಿಕೋಫ್ಯಾರಡ್‌ನ ಮೈಕಾ ಕೆಪಾಸಿಟರ್ ಹನ್ನೆರಡು ಪ್ಯಾರಲಲ್ ಹಾಕಿದರೆ 5.64 ಆಗುತ್ತೆ, ತಲಾ ಅರ್ಧ ಆಂಪಿಯರ್ ಹಂಚಿಕೊಳ್ಳುತ್ತವೆ. ರೇಟಿಂಗ್ ಒಂದು ಕಿಲೋವೋಲ್ಟ್‌ಗಿಂತ ಮೇಲಿರಲಿ.

ಆಸಿಲೇಟರ್‌ಗೆ ಹಾರ್ಟ್ಲಿ ಸರ್ಕ್ಯೂಟೇ ಸರಳ, ಸಿಲಬಸ್ಸಿನಲ್ಲೂ ಇದೆ. ಸುರುಳಿಯ ಗ್ರಿಡ್ ತುದಿಯಿಂದ ಹತ್ತನೇ ಸುತ್ತಿನಲ್ಲಿ ಟ್ಯಾಪ್ ತೆಗೆದು ಅದನ್ನು ಗ್ರೌಂಡ್‌ಗೆ ಕೊಡಿ. ಪ್ಲೇಟಿಗೆ ಡಿಸಿ ಹೋಗೋದು 2.5 ಮಿಲಿಹೆನ್ರಿ ಚೋಕ್ ಮೂಲಕ. ಪ್ಲೇಟಿನಿಂದ ಸುರುಳಿಗೆ ಹೈ ವೋಲ್ಟೇಜ್ ಕೆಪಾಸಿಟರ್ ಮೂಲಕ ಆರ್‌ಎಫ್ ಮಾತ್ರ. ಡಿಸಿಯನ್ನು ಸುರುಳಿಯಲ್ಲೇ ಹಾಯಿಸುವ ಚಿತ್ರಗಳೂ ಇವೆ, ಎರಡು ಪಾರ್ಟು ಉಳಿಯುತ್ತೆ. ನಾವು ಅದನ್ನು ಒಪ್ಪಲ್ಲ. ಆಗ ನೀವು ಮೊಳೆ ಇಡುವ ಸುರುಳಿಯ ಮೇಲೆ 600 ವೋಲ್ಟ್ ಕೂತಿರುತ್ತೆ. ನಮ್ಮ ಜೋಡಣೆಯಲ್ಲಿ ಆ ಕೆಪಾಸಿಟರ್ ಸತ್ತರೂ ಡಿಸಿ ಗ್ರೌಂಡಿಗೆ ಹೋಗಿ ಫ್ಯೂಸ್ ಹಾರುತ್ತೆ, ಅಷ್ಟೇ. ಆದರೂ ಆನ್ ಇದ್ದಾಗ ಸುರುಳಿ ಮುಟ್ಟಬೇಡಿ, ಆರ್‌ಎಫ್ ಚರ್ಮ ಸುಡುತ್ತೆ.

ಗ್ರಿಡ್ ಬಯಸ್ 12 ಕಿಲೋಓಮ್ ಗ್ರಿಡ್ ಲೀಕಿನಿಂದ ತಾನಾಗೇ ಹುಟ್ಟುತ್ತೆ, ಆಸಿಲೇಶನ್ ಇರುವವರೆಗೆ ಮಾತ್ರ. ಮೊಳೆ ಜಾಸ್ತಿ ದಪ್ಪವಾಗಿ ಟ್ಯಾಂಕ್ ಉಸಿರುಗಟ್ಟಿದರೆ ಆಸಿಲೇಶನ್ ನಿಲ್ಲುತ್ತೆ, ಬಯಸ್ ಮಾಯ, ವಾಲ್ವ್ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತೆ. ಆಗ ಗಾಜಿನೊಳಗೆ ಪ್ಲೇಟೇ ಕೆಂಪಗಾಗುತ್ತೆ. ಮೊಳೆ ಕೆಂಪಾದರೆ ಗೆದ್ದಿರಿ, ಪ್ಲೇಟ್ ಕೆಂಪಾದರೆ ತಕ್ಷಣ ಆಫ್ ಮಾಡಿ. ಕ್ಯಾಥೋಡಿಗೆ 250 ಮಿಲಿಆಂಪ್ ಫ್ಯೂಸ್ ಹಾಕಿ.

ಆಸಿಲೇಶನ್ ಇದೆಯೋ ಇಲ್ಲವೋ ಅಂತ ತಿಳಿಯಲು ಸ್ಕೋಪ್ ಪ್ರೋಬ್ ಹಚ್ಚಬೇಡಿ, ಸುಟ್ಟೀತು. ಪಕ್ಕದಲ್ಲಿ ಮೀಡಿಯಂ ವೇವ್ ರೇಡಿಯೊ ಇಟ್ಟು 1000ದ ಹತ್ತಿರ ತಿರುಗಿಸಿ. ಎರಡನೇ ಹಾರ್ಮೋನಿಕ್ ಅಲ್ಲಿ ಬೀಳುತ್ತೆ, ಗುರ್ ಅನ್ನೋ ಸದ್ದು ಬರುತ್ತೆ. ಟ್ಯಾಂಕನ್ನು 306ಕ್ಕೆ ಮಾತ್ರ ಟ್ಯೂನ್ ಮಾಡಬೇಡಿ. ಅದರ ದುಪ್ಪಟ್ಟು 612, ಬೆಂಗಳೂರು ಆಕಾಶವಾಣಿಯ ಜಾಗ. ಅಕ್ಕಪಕ್ಕದ ಮನೆಯ ಅಜ್ಜನ ಪ್ರದೇಶ ಸಮಾಚಾರ ಕೆಡಿಸಿದ ಪಾಪ ಯಾಕೆ? ಯಾವ ಫ್ರೀಕ್ವೆನ್ಸಿಯಾದರೂ ಇಡೀ ಸರ್ಕ್ಯೂಟ್ ಗ್ರೌಂಡ್ ಮಾಡಿದ ಲೋಹದ ಪೆಟ್ಟಿಗೆಯೊಳಗಿರಲಿ.

ಕೊನೆಗೆ ಪವರ್ ಸಪ್ಲೈ. ಜೀವ ಹೋಗುವ ಜಾಗ ಇದೇ ಆದ್ದರಿಂದ ನಿಧಾನವಾಗಿ ಓದಿ. 230 ವೋಲ್ಟ್‌ನ ಒಂದಕ್ಕೊಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್, 250 ವಿಎ. ಅದರ ಮುಂದೆ ಎರಡು ಡಯೋಡ್, 450 ವೋಲ್ಟಿನ 100 ಮೈಕ್ರೋಫ್ಯಾರಡ್ ಎರಡು: ವೋಲ್ಟೇಜ್ ಡಬ್ಲರ್. ಲೋಡ್ ಇಲ್ಲದಾಗ 650, ಲೋಡ್ ಬಿದ್ದಾಗ ಸುಮಾರು 600. ಟ್ರಾನ್ಸ್‌ಫಾರ್ಮರ್ ಬಿಟ್ಟು ನೇರ ಮೇನ್ಸ್‌ನಿಂದಲೂ ಡಬ್ಲರ್ ನಡೆಯುತ್ತೆ ಅಂತ ಯಾರಾದರೂ ಸೀನಿಯರ್ ಹೇಳಿದರೆ ಕೇಳಬೇಡಿ. ಆಗ ಪೆಟ್ಟಿಗೆಯೇ ಲೈವ್ ಆಗಬಹುದು. ಸ್ವಿಚ್ ಆಫ್ ಮಾಡಿದ ಮೇಲೂ ಆ ಕೆಪಾಸಿಟರುಗಳಲ್ಲಿ 10 ಜೂಲ್ ಉಳಿದಿರುತ್ತೆ. ಪ್ರತಿಯೊಂದಕ್ಕೂ 100 ಕಿಲೋಓಮ್, 3 ವಾಟ್ ರೆಸಿಸ್ಟರ್ ಅಡ್ಡ ಹಾಕಿದರೆ ಖಾಲಿಯಾಗಲು ಸುಮಾರು 50 ಸೆಕೆಂಡ್ ಬೇಕು. ಒಂದು ನಿಮಿಷ ಕಾದು, ಮೀಟರಿನಲ್ಲಿ ನೋಡಿ, ಆಮೇಲೆ ಉದ್ದ ಹಿಡಿಯ ಕೋಲಿಗೆ ಕಟ್ಟಿದ ತಂತಿಯಿಂದ ಶಾರ್ಟ್ ಮಾಡಿ, ಆಮೇಲೆ ಕೈ. 807ರ ಪ್ಲೇಟ್ ಕನೆಕ್ಷನ್ ನೆತ್ತಿಯ ಮೇಲಿನ ಟೋಪಿಯಲ್ಲಿದೆ, ಕೈಗೆ ಸಲೀಸಾಗಿ ಸಿಗುವ ಎತ್ತರದಲ್ಲಿ. ಅದಕ್ಕೆ ಪಿಂಗಾಣಿ ಕವರ್ ಹಾಕಿ, ಪೆಟ್ಟಿಗೆಯ ಮುಚ್ಚಳ ತೆಗೆದರೆ ಸಪ್ಲೈ ಕಡಿಯುವ ಸ್ವಿಚ್ ಇಡಿ.

ಹಾಸ್ಟೆಲ್ ರೂಮಿನಲ್ಲಿ ಇದನ್ನು ಕಟ್ಟಬೇಡಿ. ಲ್ಯಾಬಿನಲ್ಲಿ, ಕೈಯಲ್ಲಿ ಮೇನ್ ಸ್ವಿಚ್ ಹಿಡಿದ ಇನ್ನೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಕಟ್ಟಿ. ಮೊದಲ ಸಲ ಫಿಲಮೆಂಟ್ ಮಾತ್ರ ಹಚ್ಚಿ ಹತ್ತು ನಿಮಿಷ ಬಿಡಿ, ಆಮೇಲೆ ವೇರಿಯಾಕ್‌ನಿಂದ ಪ್ಲೇಟ್ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾ ಹೋಗಿ. 200 ವೋಲ್ಟ್ ಆಸುಪಾಸಿನಲ್ಲೇ ರೇಡಿಯೊ ಗುರ್ ಅನ್ನಬೇಕು. ಅನ್ನದಿದ್ದರೆ ಇನ್ನೂ ಮೇಲೇರಿಸಬೇಡಿ; ಆಫ್ ಮಾಡಿ, ಒಂದು ನಿಮಿಷ ಕಾದು, ಗ್ರಿಡ್ ಕಡೆಯ ಟ್ಯಾಪನ್ನು ಎರಡು ಸುತ್ತು ಆಚೀಚೆ ಮಾಡಿ ನೋಡಿ.